ಅತ್ತೆ ಕಾರಿಗೆ ಅಳತೆ ತೆಗೆದದ್ದು

ನಮ್ಮತ್ತೆಯ ಕಾರಿಗೆ ಹೊಸ ಚಕ್ರಗಳು ಬೇಕಿದ್ದವೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಬೇಕಿರಲಿಲ್ಲ. ಹಳೆಯವು ಚೆನ್ನಾಗಿಯೇ ಉರುಳುತ್ತಿದ್ದವು. ಅವಳಿಗೆ ಆಸೆಯಾಯಿತು, ಹಾಕಿಸಿಕೊಂಡಳು. ಅರವತ್ತೇಳರ ಹೆಂಗಸಿಗೆ ಅಂಥ ಆಸೆ ಯಾಕೆ ಎಂದು ಬಾಯಿ ತೆರೆಯುವವರನ್ನು ನಾನು ಅಲ್ಲೇ ತಡೆಯುತ್ತೇನೆ. ಅದೇ ಇಪ್ಪತ್ತರ ಹುಡುಗ ಹಾಕಿಸಿದ್ದರೆ ಇವರೇ ಬಗ್ಗಿ ನೋಡಿ ಭೇಷ್ ಅನ್ನುತ್ತಿದ್ದರು.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೆದಕಿದವರಿಗೆ "ಅಳತೆಗೆ ಸರಿಯಾದೋನು ಸಿಗ್ಲಿಲ್ಲ" ಎಂದು ಹೇಳಿ ಕತ್ತರಿ ಆಡಿಸುತ್ತಿದ್ದಳು. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಟೈಲರಿಂಗ್ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಬಟ್ಟೆ ಕತ್ತರಿಸುವ ಮೇಜು, ಬಾಗಿಲ ಹಿಂದೆ ಆಳೆತ್ತರದ ಕನ್ನಡಿ. ಕೋಟು, ಅಂಗಿ, ಪ್ಯಾಂಟು ಹೊಲಿಯುತ್ತಾಳೆ. ಹೊಟ್ಟೆಪಾಡು ಮಾತ್ರ ಮುಖ್ಯವಾಗಿ ನಡೆಯುವುದು ಶಾಲೆಗಳ ಸಮವಸ್ತ್ರದಿಂದ. ಅಳತೆಗೆ ಬಂದವರು ಸೆಟೆದು ನಿಂತು ಹೊಟ್ಟೆ ಒಳಗೆಳೆದುಕೊಂಡರೆ ಅವಳಿಗೆ ಎಲ್ಲಿಲ್ಲದ ಕೋಪ. ನಿಲ್ಲಿಸಿ ಅಳೆದ ಮೇಲೆ ಸ್ಟೂಲಿನ ಮೇಲೆ ಕೂರಿಸಿ ಇನ್ನೊಮ್ಮೆ ಅಳೆಯುತ್ತಾಳೆ, ಆಮೇಲೆ ಕೈ ಎತ್ತಿಸುತ್ತಾಳೆ. ಬಟ್ಟೆ ಹರಿಯುವುದು ನಿಂತಾಗ ಅಲ್ಲ, ಕೂತಾಗ ಎಂದು ಅವಳ ವಾದ.

ಕಾರು ಓಡಿಸಲು ಕಲಿತದ್ದು ಐವತ್ತು ದಾಟಿದ ಮೇಲೆ. ಅದಕ್ಕೂ ಸಿಟ್ಟೇ ಕಾರಣ. ಸಮವಸ್ತ್ರದ ಗಂಟುಗಳನ್ನು ಬಸ್ಸಿನಲ್ಲಿ ಒಯ್ಯುತ್ತಿದ್ದ ಕಾಲ ಅದು. ಒಂದು ದಿನ ಕಂಡಕ್ಟರು ಗಂಟು ಜಾಸ್ತಿಯಾಯಿತು ಎಂದು ಎಲ್ಲರೆದುರು ದಬಾಯಿಸಿದನಂತೆ. ಇವಳು ಗಂಟು ಸಮೇತ ಬಸ್ಸಿಳಿದು, ಅದನ್ನು ಹೊತ್ತುಕೊಂಡೇ ಡ್ರೈವಿಂಗ್ ಸ್ಕೂಲಿನ ಮೆಟ್ಟಿಲು ಹತ್ತಿದಳು. ಕಲಿಸುವವನು ಎರಡು ಸಲ ತಲೆ ಚಚ್ಚಿಕೊಂಡನೆಂದು ಕೇಳಿದ್ದೇನೆ. ಅವಳು ಅದನ್ನೆಲ್ಲ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಲೈಸೆನ್ಸು ಬಂತು, ಆಮೇಲೆ ಒಂದು ಹಳೆಯ ಪುಟ್ಟ ಕಾರೂ ಬಂತು. ಈಗ ಆ ಕಾರಿನ ಹಿಂಭಾಗದಲ್ಲಿ ಗಂಟುಗಳು, ಸೀಟಿನಲ್ಲಿ ನಾವು.

ಅಪ್ಪನಿಗೆ ಕಾರು ಓಡಿಸಲು ಬರುವುದಿಲ್ಲ. ಬರುವುದಿಲ್ಲ ಎಂಬುದನ್ನು ಅವನು ಒಪ್ಪುವುದೂ ಇಲ್ಲ. ಹಿಂದಿನ ಸೀಟಿನಲ್ಲಿ ಕೂತು ಮೇಲಿನ ಹಿಡಿ ಹಿಡಿದುಕೊಂಡು, ಅಕ್ಕನಿಗಿಂತ ಮೊದಲೇ ಬ್ರೇಕು ಒತ್ತುತ್ತಾನೆ. ಅಲ್ಲಿ ಬ್ರೇಕು ಎಲ್ಲಿರಬೇಕು, ಕಾಲಡಿಯ ಮ್ಯಾಟು ಸವೆದದ್ದೇ ಬಂತು. ನಿವೃತ್ತಿಯಾದ ಮೇಲೆ ಅವನ ಭಯ ಇನ್ನೂ ಜಾಸ್ತಿಯಾಯಿತು. ಬೆಳಗ್ಗೆ ಪತ್ರಿಕೆಯಲ್ಲಿ ಅಪಘಾತದ ಸುದ್ದಿ ಹುಡುಕಿ, ಗಟ್ಟಿಯಾಗಿ ಓದಿ, ಕೊನೆಗೆ ಚಾಲಕರ ವಯಸ್ಸನ್ನು ಎರಡು ಸಲ ಹೇಳುತ್ತಿದ್ದ. ಅತ್ತೆ ಒಮ್ಮೆ ಗೇಟಿಗೆ ಕಾರಿನ ಕನ್ನಡಿ ತಾಗಿಸಿಕೊಂಡಳು. ಅಷ್ಟೇ, ಕಾರು ಮಾರಿಬಿಡೋಣ ಎಂದು ಅಪ್ಪ ಹಟ ಹಿಡಿದ. ತನ್ನ ಹಳೇ ಆಫೀಸಿನವರ ಕಡೆಯಿಂದ ಕೊಳ್ಳುವವನನ್ನೂ ಗೊತ್ತು ಮಾಡಿ ಬಂದ.

ಆ ವಾರವೇ ಅತ್ತೆ ಊಟದ ಮೇಜಿನಲ್ಲಿ ವಿಷಯ ತೆಗೆದದ್ದು.

"ಕಾರಿನ ಕಾಲು ಚೆನ್ನಾಗಿಲ್ಲ ಕಣೋ. ಚಕ್ರ ಬದಲಾಯಿಸ್ತೀನಿ, ಸ್ವಲ್ಪ ದೊಡ್ಡದು ಹಾಕ್ಸಿ."

ಅಪ್ಪ ತುತ್ತು ಕೈಯಲ್ಲೇ ಹಿಡಿದು ನೋಡಿದ. "ಮಾರೋ ಗಾಡಿಗೆ ಯಾಕಕ್ಕ ಹೊಸ ಚಕ್ರ?"

"ಯಾರು ಮಾರ್ತಿರೋದು?"

"ಅಲ್ಲ, ನಾನು ಆಗ್ಲೇ ಮಾತಾಡಿ..."

"ನೀನು ಮಾತಾಡಿದೀಯ. ನಾನು ಮಾತಾಡಿಲ್ವಲ್ಲ."

ಅಮ್ಮ ನನ್ನ ತಟ್ಟೆಗೆ ಬೇಡದಿದ್ದರೂ ಏನೋ ಬಡಿಸಿದಳು. ಇಬ್ಬರ ಮಧ್ಯೆ ಬೆಂಕಿ ಹತ್ತುವ ಲಕ್ಷಣ ಕಂಡರೆ ಅವಳು ಮಾಡುವುದೇ ಹೀಗೆ.

"ದೊಡ್ಡ ಚಕ್ರ ಹಾಕಿದ್ರೆ ಎಲ್ಲೆಲ್ಲೋ ಉಜ್ಜುತ್ತಂತೆ," ಅಂದ ಅಪ್ಪ. "ತಿರುಗಿಸುವಾಗ ಟೈರು ಗಾಡಿ ತಗಡಿಗೆ ತಾಗಿ ಹರಿದೇ ಹೋಗುತ್ತಂತೆ. ಇದೆಲ್ಲ ಹುಡುಗರ ಶೋಕಿ."

"ಅಳತೆ ತಿಳೀದೋರು ಹಾಕ್ಸಿದ್ರೆ ಉಜ್ಜುತ್ತೆ. ನಾನು ಅಳತೆ ತಗೊಂಡೇ ಹಾಕ್ಸೋದು."

"ಉಜ್ಜಿದ್ರೆ?"

"ಉಜ್ಜಲ್ಲ."

"ಉಜ್ಜಿದ್ರೆ ಕೀ ನನ್ನ ಕೈಗೆ ಕೊಡ್ತೀಯಾ? ಆಮೇಲೆ ಕಾರಿನ ಮಾತೇ ಎತ್ತಬಾರ್ದು."

"ಕೊಡ್ತೀನಿ ಹೋಗೋ."

ಅತ್ತೆಯ ಮಾತೆಂದರೆ ಹಾಗೆ ಹೀಗೆ ಅಲ್ಲ. ಗುರುವಾರ ಕೊಡುತ್ತೇನೆ ಎಂದ ಕೋಟು ಗುರುವಾರ ಬೆಳಗ್ಗೆ ಗೂಟದಲ್ಲಿ ತೂಗುತ್ತಿರುತ್ತದೆ, ಜ್ವರ ಬಂದಿದ್ದರೂ ಸರಿ. ಅಂಗಡಿಗೆ ಬೋರ್ಡು ಇಲ್ಲದೆಯೂ ಜನ ಹುಡುಕಿಕೊಂಡು ಬರುವುದು ಅದಕ್ಕೇ. ಅಂಥವಳು ಸಿಟ್ಟಿನ ಭರದಲ್ಲಿ ಕಾರನ್ನೇ ಪಣಕ್ಕಿಟ್ಟು ಎದ್ದುಹೋದಳು. ಅಪ್ಪ ಗೆದ್ದವನ ಹಾಗೆ ಇನ್ನೊಂದು ಸಲ ಬಡಿಸಿಕೊಂಡ. ಅವನ ಮೇಲೆ ನನಗೆ ಆಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಚಕ್ರದಂಗಡಿಯವನನ್ನು ಎಲ್ಲರೂ ಇಂಚಣ್ಣ ಎಂದೇ ಕರೆಯುವುದು. ಯಾರು ಏನು ಕೇಳಿದರೂ "ಇನ್ನೊಂದಿಂಚು ದೊಡ್ಡದು ಹಾಕ್ಬಿಡಿ" ಅನ್ನುವುದು ಅವನ ಅಭ್ಯಾಸ. ಅಂಗಡಿಯ ಗೋಡೆ ತುಂಬ ಥಳಥಳ ಹೊಳೆಯುವ ಚಕ್ರಗಳು, ನೆಲದ ಮೇಲೆ ಆಳೆತ್ತರ ಪೇರಿಸಿದ ಟೈರುಗಳು, ಮೂಗಿಗೆ ಅಡರುವ ಹೊಸ ರಬ್ಬರಿನ ವಾಸನೆ. ಅತ್ತೆ ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡೇ ಒಳಗೆ ಹೋದಳು. ನಾನು ಹಿಂದಿನಿಂದ ಹೋದೆ.

"ಇದರದ್ದು ಈಗ ಹದಿಮೂರಿಂಚು ಅಮ್ಮಾ," ಇಂಚಣ್ಣ ಕಾರಿನ ಸುತ್ತ ಒಂದು ಸುತ್ತು ಬಂದ. "ಹದಿನಾರು ಹಾಕ್ಬಿಡಿ. ರಾಜನ ಹಾಗೆ ಕಾಣುತ್ತೆ."

"ಕಾಣೋದು ಆಮೇಲೆ. ಮೊದ್ಲು ಟೈರಿನ ಮೇಲೆ ಏನು ಬರೆದಿದೆ ಹೇಳಪ್ಪ."

ಅವನು ಹೇಳಿದ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಅಂಕಿಗಳಲ್ಲಿ ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಆದರೆ ಅದು ನೇರ ಅಳತೆಯಲ್ಲ, ಅಗಲದ ನೂರಕ್ಕೆ ಇಷ್ಟು ಪಾಲು ಎಂದು. ಕೊನೆಯದು ಒಳಗಿನ ಲೋಹದ ಚಕ್ರದ ಅಳತೆ, ಅದು ಮಾತ್ರ ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ಬಗೆಯ ಲೆಕ್ಕ. ಅತ್ತೆ ಅದನ್ನು ಕೇಳಿ "ಇದನ್ನ ಬರೆದೋನು ಯಾವತ್ತೂ ಬಟ್ಟೆ ಹೊಲಿದೋನಲ್ಲ" ಅಂದಳು.

ಆದರೆ ವಿಷಯ ಅವಳಿಗೆ ತಕ್ಷಣ ಹತ್ತಿತು. ಲೋಹದ ಚಕ್ರ ದೊಡ್ಡದಾದಷ್ಟೂ ರಬ್ಬರಿನ ಪಕ್ಕೆ ಗಿಡ್ಡವಾಗಬೇಕು. ನೆಲದಿಂದ ನೆತ್ತಿಯವರೆಗಿನ ಒಟ್ಟು ಎತ್ತರ ಮೊದಲಿನಷ್ಟೇ ಇರಬೇಕು. ಇಲ್ಲದಿದ್ದರೆ ವೇಗ ತೋರಿಸುವ ಮುಳ್ಳು ಸುಳ್ಳು ಹೇಳುತ್ತದೆ, ಗಾಡಿ ಅರವತ್ತರ ಮೇಲೆ ಓಡುತ್ತಿದ್ದರೂ ಅರವತ್ತೇ ಎಂದು ತೋರಿಸುತ್ತದೆ.

"ತೋಳು ಉದ್ದ ಮಾಡಿದ್ರೆ ಕಫ್ ಗಿಡ್ಡ ಮಾಡ್ಬೇಕು," ಅಂದಳು ನನ್ನ ಕಡೆ ತಿರುಗಿ. "ಮಣಿಕಟ್ಟು ಇದ್ದಲ್ಲೇ ಇರುತ್ತೆ ನೋಡು."

ಹದಿನಾರನ್ನು ಅವಳು ಅಲ್ಲೇ ತಳ್ಳಿಹಾಕಿದಳು. ಅಷ್ಟು ಗಿಡ್ಡ ಪಕ್ಕೆ ಇಟ್ಟುಕೊಂಡು ನಮ್ಮ ರಸ್ತೆಯ ಗುಂಡಿಗೆ ಇಳಿದರೆ ಚಕ್ರವೇ ಸೊಟ್ಟಗಾಗುತ್ತದೆ ಎಂದು ಇಂಚಣ್ಣನ ಬಾಯಿಂದಲೇ ಹೊರಡಿಸಿದಳು. ಹದಿನೈದಿಂಚಿನದಕ್ಕೆ ಬಂದು ನಿಂತಳು. ನಾಲ್ಕು ಬೋಲ್ಟಿನ ತೂತುಗಳು ಸರಿಹೊಂದುತ್ತವೆಯೇ, ನಡುವಿನ ದೊಡ್ಡ ತೂತು ಅಚ್ಚಿನ ತುದಿಯ ಗುಂಬಕ್ಕೆ ಅಲುಗಾಡದೆ ಕೂರುತ್ತದೆಯೇ ಎಂದು ಹಾಕಿಸಿ ತೆಗೆಸಿ ನೋಡಿದಳು. ಆಮೇಲೆ ಗೋಡೆಯ ಮೇಲಿನ ಒಂದು ಚಕ್ರದ ಮುಂದೆ ನಿಂತು ಕದಲಲಿಲ್ಲ. ಹೊಗೆಯ ಬಣ್ಣ, ಐದು ದಪ್ಪ ಕಡ್ಡಿಗಳು, ಅಂಚಿನಲ್ಲಿ ಸಣ್ಣ ಹೊಳಪು. ಕೈಯಿಂದ ಸವರಿದಳು. ಐವತ್ತು ವರ್ಷ ಊರವರ ಮೈಗೆ ಚೆಂದದ ಬಟ್ಟೆ ಹೊಲಿದವಳು, ತನಗೆ ಉಳಿದ ತುಂಡಿನಲ್ಲಿ ಬೂದು ಅಂಗಿ ಹೊಲಿದುಕೊಂಡವಳು, ಮೊದಲ ಸಲ ತನಗೆಂದು ಏನನ್ನೋ ಆರಿಸುತ್ತಿದ್ದಳು.

"ಇದು ಸ್ವಲ್ಪ ಹೊರಗೆ ಚಾಚುತ್ತೆ ಅಮ್ಮಾ," ಅಂದ ಇಂಚಣ್ಣ. ಚಕ್ರ ಗಾಡಿಯ ಒಳಕ್ಕೆಷ್ಟು ಕೂರುತ್ತದೆ, ಹೊರಕ್ಕೆಷ್ಟು ಚಾಚುತ್ತದೆ ಎಂಬುದಕ್ಕೂ ಒಂದು ಅಂಕಿ ಇದೆ. ಚಕ್ರದ ಒಳಮೈಯಲ್ಲಿ ಕೆತ್ತಿರುತ್ತಾರೆ, ಆಫ್‌ಸೆಟ್ ಅನ್ನುತ್ತಾರೆ. "ಚಾಚಿದ್ರೆ ಗಾಡಿ ಮೈತುಂಬಿಕೊಂಡ ಹಾಗೆ ಕಾಣುತ್ತೆ. ಜಾಗ ಇದೆ, ಏನೂ ಆಗಲ್ಲ."

ಏನೂ ಆಗಲ್ಲ ಎನ್ನುವ ಮಾತನ್ನು ಅತ್ತೆ ನಂಬುವವಳಲ್ಲ. ಒಂದು ಚಕ್ರಕ್ಕೆ ಟೈರು ತೊಡಿಸಿ, ಒಂದಾದ ಮೇಲೊಂದರಂತೆ ನಾಲ್ಕೂ ಮೂಲೆಗೆ ಹಾಕಿಸಿ, ಪ್ರತಿ ಸಲವೂ ಕಾರನ್ನು ನೆಲಕ್ಕಿಳಿಸಿದಳು. ಜಾಕಿನ ಮೇಲೆ ಎತ್ತಿದಾಗ ಚಕ್ರ ಕೆಳಗೆ ಜೋತು ಬೀಳುತ್ತದೆ, ಆಗ ಅಳೆದರೆ ಪ್ರಯೋಜನವಿಲ್ಲ ಎಂಬುದು ಅವಳಿಗೆ ಹೊಳೆದಿತ್ತು. ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸುವಂತೆ ನನಗೆ ಹೇಳಿ, ತಾನು ಮಂಡಿಯೂರಿ ಟೈರಿಗೂ ಮೇಲಿನ ತಗಡಿಗೂ ನಡುವೆ ಬೆರಳು ತೂರಿಸಿ ನೋಡಿದಳು. ಎಲ್ಲ ಕಡೆ ಬೆರಳು ಆಡಿತು. ಎದ್ದು ಮಂಡಿ ಕೊಡವಿಕೊಂಡು "ಹಾಕಪ್ಪ" ಅಂದಳು.

ಮನೆಗೆ ಬಂದಾಗ ಬೀದಿಯವರೆಲ್ಲ ಬಗ್ಗಿ ನೋಡಿದರು. ಕಾರು ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಅಪ್ಪ ಸುತ್ತ ಎರಡು ಸುತ್ತು ಹೊಡೆದು, ಕಾಲಿನಿಂದ ಟೈರು ಒದ್ದು, ಮೂಗು ಮುರಿದ.

"ಶನಿವಾರ ಗೊತ್ತಾಗುತ್ತೆ ಬಿಡು," ಅಂದ.

ಶನಿವಾರ ಶಾಲೆಗೆ ಸಮವಸ್ತ್ರ ತಲುಪಿಸುವುದಿತ್ತು. ಹಿಂಭಾಗದಲ್ಲಿ ಬಾಗಿಲು ಮುಚ್ಚಲಾರದಷ್ಟು ಗಂಟುಗಳು. ಮುಂದೆ ಅಮ್ಮ, ಹಿಂದೆ ನಾನು ಮತ್ತು ಅಪ್ಪ, ನಮ್ಮಿಬ್ಬರ ನಡುವೆ ಇನ್ನೊಂದು ಗಂಟು. ಅಪ್ಪ ಎಂದಿಲ್ಲದ ಉತ್ಸಾಹದಿಂದ ಹತ್ತಿ ಎಡಗಡೆ ಕೂತ. ಅಂದು ಅವನು ಹಿಡಿಯನ್ನೂ ಹಿಡಿಯಲಿಲ್ಲ, ಬ್ರೇಕನ್ನೂ ಒತ್ತಲಿಲ್ಲ. ಕಿವಿ ಮಾತ್ರ ನೆಟ್ಟಗಾಗಿತ್ತು. ಮುಖ್ಯರಸ್ತೆ, ತಿರುವು, ಪೆಟ್ರೋಲ್ ಬಂಕು, ಎಲ್ಲ ದಾಟಿದೆವು. ಸದ್ದಿಲ್ಲ. ಅತ್ತೆ ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಹಾರಿಸಿದಳು. ನಾನು ನಕ್ಕೆ.

ಶಾಲೆಯ ಮುಂದೆ ರಸ್ತೆಗೆ ದೊಡ್ಡದೊಂದು ಉಬ್ಬು ಹಾಕಿದ್ದಾರೆ. ಮುಂದಿನ ಚಕ್ರಗಳು ಹತ್ತಿ ಇಳಿದವು. ಹಿಂದಿನವು ಹತ್ತಿ ಇಳಿಯುವಾಗ ಅಪ್ಪನ ಕೆಳಗಿನಿಂದ ಜರ್ರ್ ಎಂದು ಸದ್ದು ಬಂತು. ಬಟ್ಟೆ ಹರಿದ ಹಾಗಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡಳು.

"ಕೇಳಿಸ್ತಾ?" ಅಂದ ಅಪ್ಪ.

"ಕೇಳಿಸ್ತು," ಅಂದಳು ಅತ್ತೆ.

ಶಾಲೆಯ ಗೋಡೆಯ ಪಕ್ಕ ನಿಲ್ಲಿಸಿ ಎಲ್ಲರೂ ಇಳಿದೆವು. ಅತ್ತೆ ಹಿಂದಿನ ಎಡ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಟೈರಿನ ಹೊರ ಭುಜದ ಮೇಲೆ ಹೊಳೆಯುವ ಒಂದು ಗೆರೆ, ಮೇಲಿನ ತಗಡಿನ ಒಳ ಅಂಚಿಗೆ ಮೆತ್ತಿದ ರಬ್ಬರಿನ ಕರಿ. ಅತ್ತೆ ತನ್ನ ಹಣೆಗೆ ತಾನೇ ಪಟ್ಟನೆ ಹೊಡೆದುಕೊಂಡಳು.

"ಖಾಲಿ ಗಾಡಿಗೆ ಅಳತೆ ತಗೊಂಡೆ ಕಣೇ," ಅಂದಳು. "ನಿಲ್ಸಿ ಅಳೆದೆ. ಕೂರ್ಸಿ ಅಳೀಲೇ ಇಲ್ಲ. ಇಷ್ಟು ವರ್ಷ ಕೆಲ್ಸ ಮಾಡಿ ಎಂಥ ದಡ್ಡಿ ನಾನು!"

ಊರಿನಲ್ಲಿ ಬೇರೆ ಯಾರೇ ಆಗಿದ್ದರೂ ಈ ತಪ್ಪಿಗೆ ನಾನು ಅಷ್ಟು ಬೆರಗಾಗುತ್ತಿರಲಿಲ್ಲ. ಎದುರಿಗೆ ನಿಂತ ಪ್ರತಿಯೊಬ್ಬರನ್ನೂ ಸ್ಟೂಲಿನ ಮೇಲೆ ಕೂರಿಸಿದವಳಿಗೆ, ಕಾರೂ ನಾಲ್ಕು ಜನ ಹತ್ತಿದರೆ ಕುಸಿದು ಕೂರುತ್ತದೆ ಎಂಬುದು ಹೊಳೆಯಲಿಲ್ಲ. ಚೆಂದದ ಚಕ್ರ ಕಂಡ ಖುಷಿಯಲ್ಲಿ ತನ್ನ ಕೆಲಸವನ್ನೇ ಮರೆತುಬಿಟ್ಟಿದ್ದಳು.

ಅಪ್ಪ ಕೈ ಚಾಚಿದ. "ಕೀ."

ಅತ್ತೆ ಎದ್ದು ನಿಂತಳು. ಕೀ ಅವಳ ಮುಷ್ಟಿಯಲ್ಲಿತ್ತು. ಕೊಟ್ಟೇಬಿಡುತ್ತಾಳೆ ಎಂದುಕೊಂಡೆ.

"ಕೊಡಲ್ಲ," ಅಂದಳು.

"ಅಕ್ಕ, ಮಾತು ಕೊಟ್ಟಿದ್ದೆ ನೀನು."

"ಹೌದು, ಕೊಟ್ಟಿದ್ದೆ. ಈಗ ತಪ್ತಿದ್ದೀನಿ. ಕಣ್ಣೆದುರಿಗೇ, ಹಾಡುಹಗಲಲ್ಲಿ, ಶಾಲೆ ಗೇಟಿನ ಮುಂದೇನೇ ತಪ್ತಿದ್ದೀನಿ. ಏನ್ಮಾಡ್ತೀಯಾ?"

ಅಪ್ಪ ಬೈಗುಳಕ್ಕೋ ಕಣ್ಣೀರಿಗೋ ಸಿದ್ಧನಾಗಿದ್ದ, ಇದಕ್ಕಲ್ಲ. "ಇಷ್ಟೇನಾ ನಿನ್ನ ಮಾತಿನ ಬೆಲೆ?" ಅಂದ.

"ಉಜ್ಜದೇ ಇದ್ದಿದ್ರೆ ನೀನೇನು ಕೊಡ್ತಿದ್ದೆ?"

"ನಾನಾ?"

"ಹೂಂ, ನೀನೇ. ಪಂದ್ಯ ಅಂದ್ಮೇಲೆ ಇಬ್ರೂ ಏನಾದ್ರೂ ಇಡ್ಬೇಕು. ನಾನು ಕಾರಿಟ್ಟೆ. ನೀನೇನಿಟ್ಟೆ?"

ಅಪ್ಪ ಅಮ್ಮನ ಕಡೆ ನೋಡಿದ. ಅಮ್ಮ ಶಾಲೆಯ ಹೆಂಚುಗಳನ್ನು ಎಣಿಸುವವಳ ಹಾಗೆ ಮೇಲೆ ನೋಡುತ್ತಿದ್ದಳು.

"ನಿನ್ನ ಒಳ್ಳೇದಕ್ಕೆ ಹೇಳಿದ್ದು ನಾನು," ಅಂದ.

"ನನ್ನ ಒಳ್ಳೇದು ನನ್ಹತ್ರಾನೇ ಇರ್ಲಿ. ಗಂಟು ಇಳ್ಸು ಬಾ."

ಅಪ್ಪ ಗಂಟನ್ನೂ ಇಳಿಸಲಿಲ್ಲ, ಕಾರನ್ನೂ ಹತ್ತಲಿಲ್ಲ. ಬಿಸಿಲಿನಲ್ಲಿ ನಡೆದುಕೊಂಡೇ ಮನೆಗೆ ಹೋದ. ಆಮೇಲೆ ಇಬ್ಬರಿಗೂ ಮಾತಿಲ್ಲ. ಉಪ್ಪು ಬೇಕಾದರೂ ನನ್ನ ಮೂಲಕವೇ ಕೇಳಿಕೊಳ್ಳುತ್ತಿದ್ದರು. ಅಪ್ಪ ಪತ್ರಿಕೆ ಓದುವಾಗ ಅಪಘಾತದ ಜೊತೆಗೆ ಈಗ ಮಾತು ತಪ್ಪಿದ ರಾಜಕಾರಣಿಗಳ ಸುದ್ದಿಯನ್ನೂ ಗಟ್ಟಿಯಾಗಿ ಓದತೊಡಗಿದ.

ಅತ್ತೆ ಏನೂ ಆಗದವಳ ಹಾಗಿದ್ದಳು ಎಂದರೆ ಸುಳ್ಳು. ಒಂದು ಮಧ್ಯಾಹ್ನ ನೋಡುತ್ತೇನೆ, ಅಂಗಿಯೊಂದರ ಎಡ ತೋಳನ್ನು ಬಲಗಡೆಗೆ ಕೂಡಿಸಿ ಹೊಲಿದಿದ್ದಾಳೆ. ದಾರ ಬಿಚ್ಚುತ್ತಾ ಕೂತಿದ್ದಳು.

"ಮಾತು ತಪ್ಪಿದ್ದು ಚುಚ್ತಿದೆ ಕಣೇ," ಅಂದಳು ತಲೆ ಎತ್ತದೆ. "ಕೀ ಕೊಟ್ಟಿದ್ರೆ ಇದಕ್ಕಿಂತ ಜಾಸ್ತಿ ಚುಚ್ತಿತ್ತು. ಒಂದು ಅಂಗಿ ಕಂಕುಳಲ್ಲಿ ಬಿಗಿಯಾದ್ರೆ ಬಿಚ್ಚಿ ಹೊಲೀತೀವಿ. ಟೈಲರ್ ಕೈಯಿಂದ ಕತ್ತರಿ ಕಿತ್ಕೊಳ್ಳಲ್ಲ."

"ಅಪ್ಪನಿಗೆ ಇದನ್ನೇ ಹೇಳ್ಬಹುದಿತ್ತಲ್ಲ ಅತ್ತೆ?"

"ಅವನಿಗ್ಯಾಕೆ ಹೇಳ್ಬೇಕು? ನನ್ನ ಕೈಲಿ ಆಗುತ್ತೆ ಅಂತ ಅವನಿಗೆ ರುಜುವಾತು ಕೊಡೋಕೆ ಹೋಗಿದ್ದೇ ತಪ್ಪು. ಆ ಮಾತು ಕೊಟ್ಟಿದ್ದೇ ತಪ್ಪು. ತಪ್ಪಿ ಒಳ್ಳೇದೇ ಮಾಡ್ದೆ." ಹಲ್ಲಿನಿಂದ ದಾರ ಕಚ್ಚಿ ಕತ್ತರಿಸಿದಳು. "ಏಳು, ಇಂಚಣ್ಣನ ಹತ್ರ ಹೋಗೋಣ."

ಇಂಚಣ್ಣನ ಹತ್ತಿರ ಪರಿಹಾರಕ್ಕೇನೂ ಬರವಿರಲಿಲ್ಲ. ತಗಡಿನ ಅಂಚನ್ನು ಬಡಿದು ಒಳಕ್ಕೆ ಮಡಿಸಬಹುದು, ಅದೂ ಸಾಲದಿದ್ದರೆ ಸ್ವಲ್ಪ ಕತ್ತರಿಸಬಹುದು, ಗಟ್ಟಿ ಸ್ಪ್ರಿಂಗು ಹಾಕಿ ಗಾಡಿಯನ್ನೇ ಎತ್ತರ ಮಾಡಬಹುದು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು.

"ಅಂಗಿ ಸಾಲದು ಅಂತ ಮೈ ಕತ್ತರಿಸ್ತೀಯೇನಪ್ಪ?"

"ಹಾಗಿದ್ರೆ ಹಿಂದೆ ಜನ ಕೂರಿಸ್ಬೇಡಿ ಅಮ್ಮಾ. ನೀವೊಬ್ರೇ ಓಡಾಡೋದಾದ್ರೆ ಏನೂ ತೊಂದ್ರೆ ಇಲ್ಲ."

"ಗಾಡಿಗೋಸ್ಕರ ಮನೆಯವರನ್ನ ಇಳ್ಸಲಾ? ನಾಳೆ ಎಲ್ಲರನ್ನೂ ಕರ್ಕೊಂಡ್ಬರ್ತೀನಿ. ಕೂರ್ಸಿ ಅಳೀತೀನಿ."

"ಮರಳಿನ ಚೀಲ ಇದೆ ಅಮ್ಮಾ, ಅದನ್ನೇ ತುಂಬೋಣ."

"ಮರಳಿನ ಚೀಲ ನನ್ನ ಕಾರಲ್ಲಿ ಓಡಾಡಲ್ಲ. ಯಾರು ಓಡಾಡ್ತಾರೋ ಅವರೇ ಕೂರ್ಬೇಕು."

ಓಡಾಡುವವರಲ್ಲಿ ಅಪ್ಪನೂ ಒಬ್ಬ. ಮರುದಿನ ಬೆಳಗ್ಗೆ ಅತ್ತೆ ಅವನ ಕುರ್ಚಿಯ ಮುಂದೆ ಹೋಗಿ ನಿಂತಳು. ಅಪ್ಪ ಪತ್ರಿಕೆಯನ್ನು ಮುಖದ ಮುಂದಿನಿಂದ ಇಳಿಸಲಿಲ್ಲ.

"ಎದ್ದು ಬಾ."

"ನಾನು ಆ ಕಾರಲ್ಲಿ ಎಲ್ಲಿಗೂ ಬರಲ್ಲ."

"ಎಲ್ಲಿಗೋ ಹೋಗೋಕೆ ಕರೀತಿಲ್ಲ ಕಣೋ. ತೂಕಕ್ಕೆ ಕರೀತಿದ್ದೀನಿ. ಈ ಮನೇಲಿ ಅಷ್ಟು ಭಾರ ಇರೋನು ನೀನೊಬ್ನೇ."

ಒಳಗಿನಿಂದ ಅಮ್ಮ ಕಿಸಕ್ಕನೆ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಅಪ್ಪ ಪತ್ರಿಕೆ ಮಡಿಸಿದ. ಸಿಟ್ಟಿನಿಂದಲೇ ಎದ್ದನೋ, ಅಲ್ಲಿ ಏನು ನಡೆಯುತ್ತದೆಂದು ನೋಡುವ ಕುತೂಹಲದಿಂದ ಎದ್ದನೋ ಹೇಳಲಾರೆ. ಅಂಗಿ ಬದಲಾಯಿಸಿಕೊಂಡು ಬಂದ.

ಇಂಚಣ್ಣನ ಅಂಗಡಿಯಲ್ಲಿ ನಾವು ಕೂತ ಪರಿಯನ್ನು ನೆನೆದರೆ ಈಗಲೂ ನಗು ಬರುತ್ತದೆ. ನಿಂತ ಕಾರಿನಲ್ಲಿ ಅಮ್ಮ ಮುಂದೆ, ನಾನು ಮತ್ತು ಅಪ್ಪ ಹಿಂದೆ, ನಡುವೆ ಗಂಟು, ಹಿಂಭಾಗದಲ್ಲಿ ಮತ್ತಷ್ಟು ಗಂಟು. ಅತ್ತೆಯ ಸೀಟಿನಲ್ಲಿ ಹೆಚ್ಚುಕಡಿಮೆ ಅವಳಷ್ಟೇ ಭಾರದ ಕೆಲಸದವನೊಬ್ಬ. ಟೈರು ಕೊಳ್ಳಲು ಬಂದವರು ಕಿಟಕಿಯಿಂದ ನಮ್ಮನ್ನು ಇಣುಕಿ ನೋಡಿ ಹೋಗುತ್ತಿದ್ದರು. ಅತ್ತೆ ನೆಲಕ್ಕೆ ಹಳೆಯ ಬಟ್ಟೆ ಹಾಸಿ ಮಲಗಿ, ಟಾರ್ಚು ಬಾಯಿಯಲ್ಲಿ ಕಚ್ಚಿಕೊಂಡು, ಟೇಪು ಹಿಡಿದು ಚಕ್ರದ ಒಳಮಗ್ಗುಲಿಗೆ ತೂರಿಕೊಂಡಿದ್ದಳು. ಇಬ್ಬರು ಕೆಲಸದವರು ಹಿಂದಿನಿಂದ ಕಾರನ್ನು ಒತ್ತಿ ಒತ್ತಿ ಬಿಡುತ್ತಿದ್ದರು.

"ಆ ಕಡೆ ಸರಿ," ಕೆಳಗಿನಿಂದ ದನಿ ಬಂತು. "ನೀನೇ ಕಣೋ, ನಿಂಗೇ ಹೇಳಿದ್ದು. ಪೂರ್ತಿ ಬಾಗಿಲಿಗೆ ಒರಗು."

ಅಪ್ಪ ಒರಗಿದ.

"ಕಾಲು ನೆಲಕ್ಕೆ ಒತ್ಬೇಡ. ಭಾರ ಎಲ್ಲಾ ಸೀಟಿನ ಮೇಲೆ ಬಿಡು."

"ಬಿಟ್ಟಿದ್ದೀನಿ," ಅಂದ ಅಪ್ಪ.

"ಬಿಟ್ಟಿಲ್ಲ. ಯಾವಾಗ್ಲೂ ಬ್ರೇಕ್ ಒತ್ತೋ ಹಾಗೇ ಕೂತಿದೀಯ. ಬಿಡು."

ಅಪ್ಪ ಬಿಟ್ಟ. ಕಾರು ಕೂದಲೆಳೆಯಷ್ಟು ಇಳಿದಂತೆ ನನಗನ್ನಿಸಿತು.

ಹೊರಗಡೆ ಜಾಗ ಸಾಲುತ್ತಿರಲಿಲ್ಲ, ಒಳಗಡೆ ಎರಡು ಬೆರಳು ಮಿಕ್ಕಿತ್ತು. ಅತ್ತೆ ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡು ಇಂಚಣ್ಣನಿಗೆ ಹೇಳಿದಳು, ಇಷ್ಟು ಒಳಗೆ ಕೂರುವ ಆಫ್‌ಸೆಟ್ಟಿನ ಚಕ್ರ, ಮೊದಲಿನದಕ್ಕಿಂತ ಅಗಲದಲ್ಲಿ ಒಂದು ಅಳತೆ ಕಿರಿದಾದ ಟೈರು, ಒಟ್ಟು ಎತ್ತರ ಕಾರಿನ ಜೊತೆ ಬಂದಿದ್ದ ಟೈರಿನದೇ. ಇಂಚಣ್ಣ ತಲೆ ಕೆರೆದುಕೊಂಡ.

"ಆ ಆಫ್‌ಸೆಟ್ಟಲ್ಲಿ ಈ ನಮೂನೆ ನನ್ಹತ್ರ ಇಲ್ಲ ಅಮ್ಮಾ. ಸಾದಾದು ಇದೆ, ಬೆಳ್ಳಿ ಬಣ್ಣ."

"ಸಾದಾ ನಂಗೆ ಮೊದ್ಲೇ ಇತ್ತಲ್ಲಪ್ಪ. ಇದನ್ನೇ ತರ್ಸು."

"ಎಲ್ಲಿಂದ ತರ್ಸಲಿ?"

"ಮಾಡೋರಿಂದ. ಬರೋವರೆಗೂ ಹಳೇ ಚಕ್ರ ಹಾಕೊಂಡು ಓಡಾಡ್ತೀನಿ."

ಇಂಚಣ್ಣ ಮುಖ ಹುಳ್ಳಗೆ ಮಾಡಿಕೊಂಡು ಮೊದಲಿನವನ್ನು ವಾಪಸು ತೆಗೆದುಕೊಂಡ. ಅತ್ತೆ ಹಳೆಯ ಚಕ್ರಗಳ ಮೇಲೆ ತಲೆ ಎತ್ತಿಕೊಂಡೇ ತಿರುಗಾಡಿದಳು. ಬೀದಿಯಲ್ಲಿ ಯಾರಾದರೂ "ಏನಮ್ಮಾ, ಶೋಕಿ ಮುಗೀತಾ?" ಎಂದರೆ "ಆಲ್ಟರೇಶನ್‌ಗೆ ಕೊಟ್ಟಿದ್ದೀನಿ" ಅನ್ನುತ್ತಿದ್ದಳು. ಅಪ್ಪ ಈ ನಡುವೆ ಒಂದು ಸಲ ನನ್ನ ಹತ್ತಿರ, ಆಫ್‌ಸೆಟ್ ಅಂದರೆ ಸರಿಯಾಗಿ ಏನು ಎಂದು ಕೇಳಿದ. ಅತ್ತೆಯನ್ನೇ ಕೇಳು ಅಂದೆ. ಕೇಳಲಿಲ್ಲ.

ಚಕ್ರಗಳು ಬಂದವು. ಅದೇ ಹೊಗೆಯ ಬಣ್ಣ, ಅದೇ ಐದು ಕಡ್ಡಿ. ಹೊರಗೆ ಚಾಚದೆ, ತಗಡಿನ ಅಂಚಿನೊಳಗೇ ಹದವಾಗಿ ಕೂತಿದ್ದವು. ನನ್ನ ಕಣ್ಣಿಗೆ ಮೊದಲಿಗಿಂತ ಇದೇ ಚೆಂದ ಕಂಡಿತು. ಮತ್ತೆ ಅದೇ ಗಂಟುಗಳನ್ನು ತುಂಬಿದೆವು. ಅಪ್ಪ ಯಾರೂ ಕರೆಯದೆಯೇ ಬಂದು ಹಿಂದಿನ ಎಡ ಸೀಟಿನಲ್ಲಿ ಕೂತ. ಯಾರೂ ಯಾಕೆ ಎಂದು ಕೇಳಲಿಲ್ಲ.

ಶಾಲೆಯ ಮುಂದಿನ ಉಬ್ಬು ಬಂತು. ಅತ್ತೆ ವೇಗ ತೀರಾ ತಗ್ಗಿಸಲಿಲ್ಲ. ಮುಂದಿನ ಚಕ್ರ ಹತ್ತಿತು, ಇಳಿಯಿತು. ಹಿಂದಿನ ಚಕ್ರ ಹತ್ತಿತು. ನಾನು ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇಳಿಯಿತು. ಏನೂ ಸದ್ದಿಲ್ಲ. ಅವಳು ಮುಂದೆ ಹೋಗಿ ತಿರುಗಿಸಿಕೊಂಡು ಬಂದು ಉಬ್ಬನ್ನು ಇನ್ನೊಮ್ಮೆ ಹತ್ತಿಸಿದಳು, ಮತ್ತೆ ತಿರುಗಿಸಿ ಮೂರನೆಯ ಸಲ ಬೇಕಂತಲೇ ಒಂದಿಷ್ಟು ಜೋರಾಗಿ ಹಾರಿಸಿದಳು. ನಮ್ಮ ತಲೆಗಳು ಮೇಲಿನ ತಗಡಿಗೆ ತಾಗುವುದೊಂದು ಬಾಕಿ. ಟೈರು ಮಾತ್ರ ಎಲ್ಲಿಗೂ ತಾಗಲಿಲ್ಲ. ನಾನು ಚಪ್ಪಾಳೆ ಹೊಡೆದೆ. ಅಮ್ಮ "ಸದ್ಯ" ಅಂದಳು.

ಗಂಟುಗಳನ್ನು ಶಾಲೆಯಲ್ಲಿ ಇಳಿಸಿ ಮನೆಯ ದಾರಿ ಹಿಡಿದೆವು. ಈ ಸಲ ಅಪ್ಪನೂ ಎರಡು ಗಂಟು ಹೊತ್ತಿದ್ದ. ಪೆಟ್ರೋಲ್ ಬಂಕು ದಾಟಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡ. ದೊಡ್ಡ ಮನಸ್ಸು ಮಾಡುವಾಗ ಅವನ ದನಿಯೇ ಬೇರೆಯಾಗುತ್ತದೆ.

"ಹೋಗ್ಲಿ ಬಿಡಕ್ಕ. ಕಾರು ನಿನ್ಹತ್ರಾನೇ ಇರ್ಲಿ. ನಾನಿನ್ನು ಬೇಡ ಅನ್ನಲ್ಲ."

ಅತ್ತೆ ತಿರುವಿನ ದೀಪ ಹಾಕಿ, ಕನ್ನಡಿ ನೋಡಿ, ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಎಂಜಿನ್ ಆರಿಸಿದಳು. ಕೀ ತೆಗೆದು, ಹಿಂದಕ್ಕೆ ತಿರುಗದೆಯೇ, ಅಪ್ಪನಿಗೆ ಕಾಣುವಂತೆ ಮೇಲೆತ್ತಿ ಹಿಡಿದಳು.

"ಇದು ಯಾರದ್ದು?"

"ನಿಂದೇ ಇರ್ಲಿ ಅಂದ್ನಲ್ಲ."

"ನೀನು ಅಂದಿದ್ದಕ್ಕೆ ನಂದಾಯ್ತಾ?"

ಪಕ್ಕದಲ್ಲಿ ಒಂದು ಲಾರಿ ಹಾದುಹೋಗಿ ಕಾರು ಅಲುಗಿತು. ಅತ್ತೆಯ ಕೈ ಇಳಿಯಲಿಲ್ಲ.

"ಕೊಡೋಕೆ ನಿಂದಾಗಿತ್ತೇನೋ?" ಅಂದಳು. ದನಿ ಏರಿಸಲಿಲ್ಲ. "ಬೇಡ ಅನ್ನೋಕೆ, ಇರ್ಲಿ ಅನ್ನೋಕೆ, ನಿನ್ನನ್ನ ಯಾರು ಕೇಳಿದ್ರು?"

"ಏನ್ರೀ, ಏನಾದ್ರೂ ಹೇಳ್ರೀ," ಅಂದಳು ಅಮ್ಮ, ಮುಂದೆ ನೋಡಿಕೊಂಡೇ.

ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಬಿಸಿಲು ಅವನ ಮುಖದ ಮೇಲೆ ಬಿದ್ದಿತ್ತು. ನಾನು ಅವನ ಸಹಾಯಕ್ಕೆ ಹೋಗಲಿಲ್ಲ.

"ಮೊದ್ಲಿಂದ್ಲೂ ನಿಂದೇ," ಅಂದ ಕೊನೆಗೆ.

"ಸರಿ. ನಿಂಗೀಗ ಏನು ಬೇಕು?"

"ಮನೆವರೆಗೂ ಬಿಡ್ತೀಯಾ ಅಕ್ಕ?"

"ಕೇಳಿದ್ಯಲ್ಲ, ಬಿಡ್ತೀನಿ," ಎಂದು ಅತ್ತೆ ಕೀ ಹಾಕಿ ತಿರುಗಿಸಿದಳು.